ರೈಟರ್ ವೀರಯ್ಯನಿಗೆ ಬಂದ ಟೆಸ್ಟಿಮೋನಿಯಲ್

ಹೊಂಗಡಹಳ್ಳದ ಮೇಲಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ವೀರಯ್ಯ ಎಷ್ಟು ಮದುವೆ ಮುರಿದಿದ್ದಾನೆ ಅನ್ನುವುದು ಅವನಿಗೇ ನೆನಪಿರಲಿಲ್ಲ. ಮೊದಮೊದಲು ನೆನಪಿಟ್ಟುಕೊಳ್ಳುತ್ತಿದ್ದ, ಹದಿನಾಲ್ಕೋ ಹದಿನೈದೋ ಆದಮೇಲೆ ಅದನ್ನೂ ಬಿಟ್ಟ. ಊರಿನ ಕಣ್ಣಿಗೆ ಅವನು ಕೂಲಿ ಲೈನಿನ ಆಳುಗಳ ಹಾಜರಿ ಬರೆದುಕೊಂಡು, ಸ್ಟೋರಿನ ಬೀಗ ತೆಗೆದು ಹಾಕಿಕೊಂಡು, ಸಾವ್ಕಾರರು ಏನಂದರೂ ಹೂಂಗುಟ್ಟಿಕೊಂಡು ಇರುವ ಪಾಪದ ಮನುಷ್ಯ. ಒಳಗಿನ ವೀರಯ್ಯ ಬೇರೆ. ಮೂಗರ್ಜಿ ಬರೆಯುವುದರಲ್ಲಿ ಅವನನ್ನು ಮೀರಿಸುವವರು ಸಕಲೇಶಪುರ, ಆಲೂರು ಎರಡೂ ತಾಲ್ಲೂಕು ಜಾಲಾಡಿದರೂ ಸಿಗುತ್ತಿರಲಿಲ್ಲ.

ಮೂಗರ್ಜಿ ಅಂದರೆ ಹೆಸರಿಲ್ಲದ ಕಾಗದ. ಯಾರದೋ ಮನೆಯ ಹುಡುಗಿಗೆ ಗಂಡು ಗೊತ್ತಾಗುತ್ತದೆ, ಅದನ್ನು ನೋಡಿ ಇನ್ಯಾರಿಗೋ ಹೊಟ್ಟೆ ಉರಿಯುತ್ತದೆ. ಉರಿದವರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ವೀರಯ್ಯನ ಕ್ವಾರ್ಟರ್ಸಿಗೆ ಬರುತ್ತಿದ್ದರು. ಮಳೆ, ಮೆಣಸು, ಆನೆ ಕಾಟ ಎಲ್ಲ ಮಾತಾಡಿ ಮುಗಿದ ಮೇಲೆ ವಿಷಯಕ್ಕೆ ಬರುತ್ತಿದ್ದರು. "ಇಂಥದಕ್ಕೆಲ್ಲ ನನ್ನ ಎಳೀಬ್ಯಾಡ್ರಪ್ಪ" ಎಂದು ವೀರಯ್ಯ ಮೂರು ಸಲ ಅಂದು, ನಾಲ್ಕನೇ ಸಲ ಪೆನ್ನು ಹುಡುಕುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡು ಮುಟ್ಟಿದರೆ ಕಸುಬಾಗುತ್ತದೆ, ತನ್ನದು ಕಲೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಕಲೆಗೆ ನಿಯಮಗಳೂ ಇದ್ದವು. ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ ಬರೆಯಬೇಕು. ಹತ್ತಿರದ ಅಂಚೆ ಡಬ್ಬಿಗೆ ಹಾಕಬಾರದು, ಹಾಸನಕ್ಕೆ ಹೋದಾಗ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಹೊಗಳಿಕೆಯಿಂದ ಶುರು ಮಾಡಬೇಕು. ಬರೀ ಬೈದರೆ ಇದು ಹೊಟ್ಟೆಕಿಚ್ಚಿನವರ ಕೆಲಸ ಎಂದು ಓದಿದವರು ಒಲೆಗೆ ಹಾಕಿಬಿಡುತ್ತಾರೆ. ಹೊಗಳುವುದಕ್ಕೆ ವೀರಯ್ಯ ಹಿಡಿಯುತ್ತಿದ್ದ ದಾರಿ ಒಂದೇ, ಆ ಮನುಷ್ಯ ಮನೆಗೆ ಬಂದವರಿಗೆ ಕಾಫಿ ಕೊಡುವ ರೀತಿ. ಲೋಟವನ್ನು ಹೇಗೆ ಹಿಡಿಯುತ್ತಾರೆ, ಎಷ್ಟು ತುಂಬಿಸುತ್ತಾರೆ, ಕೊಡುವಾಗ ಬಂದವರ ಮುಖ ನೋಡುತ್ತಾರೋ ನೆಲ ನೋಡುತ್ತಾರೋ, ಎಲ್ಲ ಬರೆಯುತ್ತಿದ್ದ. ಓದಿದವರಿಗೆ, ಬರೆದವನು ಆ ಮನೆಯನ್ನು ಹತ್ತಿರದಿಂದ ಬಲ್ಲವನೇ ಸರಿ ಎನ್ನಿಸುತ್ತಿತ್ತು. ಆಮೇಲೆ 'ಆದರೆ' ಎಂದು ಒಂದು ಪದ ಹಾಕಿದರೆ ಮುಗಿಯಿತು, ಛತ್ರದ ಬುಕ್ಕಿಂಗ್ ರದ್ದಾಗುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯಲ್ಲಿ ಸಕಲೇಶಪುರಕ್ಕೆ ಇಂಟರ್ನೆಟ್ಟಿನಲ್ಲಿ ಸ್ನೇಹ ಮಾಡಿಕೊಳ್ಳುವ ಆರ್ಕುಟ್ ಬಂತು. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಗಯಾಜನ ಎಸ್‌ಟಿಡಿ ಬೂತ್ ಇತ್ತು. ಎಲ್ಲರ ಕೈಗೂ ಮೊಬೈಲ್ ಬಂದು ಬೂತಿನಲ್ಲಿ ನೊಣ ಹೊಡೆಯುವ ಹಾಗಾದಾಗ ಅವನು ನಾಲ್ಕು ಕಂಪ್ಯೂಟರ್ ತಂದು, ನಡುವೆ ಪ್ಲೈವುಡ್ ಹಲಗೆ ಹೊಡೆಸಿ, ಸೈಬರ್ ಎಂದು ಬೋರ್ಡು ಹಾಕಿದ. ಪರೀಕ್ಷೆ ರಿಸಲ್ಟ್ ನೋಡುವವರನ್ನು ಬಿಟ್ಟರೆ ಆರು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಆರ್ಕುಟ್ ಬಂದದ್ದೇ ತಡ, ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಇಲ್ಲದಂತಾಯಿತು.

ಜನಕ್ಕೆ ಏನಾಯಿತೋ ದೇವರೇ ಬಲ್ಲ. ಬೇಲಿ ಜಗಳದಲ್ಲಿ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಗಳು ಆರ್ಕುಟ್ಟಿನಲ್ಲಿ ಫ್ರೆಂಡ್ ಆದರು. ಪ್ರೀತಿಯೇನೂ ಉಕ್ಕಿರಲಿಲ್ಲ, ಒಂದು ತಲೆ ಹೆಚ್ಚಾಗಲಿ ಅಂತ ಅಷ್ಟೇ. ಒಂದನೇ ಕಂಪ್ಯೂಟರಿನಲ್ಲಿ ಕೂತವನು ಎರಡನೆಯದರಲ್ಲಿ ಕೂತವನಿಗೆ 'ಊಟ ಆಯ್ತಾ' ಎಂದು ಸ್ಕ್ರ್ಯಾಪ್ ಹಾಕಿ, ಹಲಗೆಯ ಮೇಲಿಂದ ಇಣುಕಿ, "ಸ್ಕ್ರ್ಯಾಪ್ ಬಂತೇನೋ" ಎಂದು ಕೇಳುತ್ತಿದ್ದ. ದೊಡ್ಡ ತೋಟದ ಪ್ರತಾಪನಿಗೆ ನಾನೂರ ಹನ್ನೆರಡು ಫ್ರೆಂಡ್ಸು. ಬಿಸ್ಲೆ ರಸ್ತೆಯ ಕೆಸರಲ್ಲಿ ಅವನ ಜೀಪು ಹೂತುಕೊಂಡ ದಿನ ತಳ್ಳುವುದಕ್ಕೆ ಒಬ್ಬನೂ ಬರಲಿಲ್ಲ. ಹೂತ ಜೀಪಿನ ಫೋಟೋ ಹಾಕಿದ ಮೇಲೆ ಮೂವತ್ತು ಜನ 'ಸೂಪರ್ ಮಗಾ' ಎಂದು ಬರೆದರು.

ಇದರಲ್ಲೆಲ್ಲ ಹೆಚ್ಚಿನ ಮರ್ಯಾದೆ ಟೆಸ್ಟಿಮೋನಿಯಲ್ಲಿಗೆ. ನಮ್ಮ ಬಗ್ಗೆ ನಮ್ಮ ಫ್ರೆಂಡು ಸಾವಿರದ ಇಪ್ಪತ್ನಾಲ್ಕು ಅಕ್ಷರ ಮೀರದಂತೆ ನಾಲ್ಕು ಒಳ್ಳೆಯ ಮಾತು ಬರೆಯುವುದು, ನಾವು ಅದನ್ನು ಓದಿ 'ಅಕ್ಸೆಪ್ಟ್' ಒತ್ತಿದರೆ ಅದು ನಮ್ಮ ಪುಟದಲ್ಲಿ ಊರಿಗೆಲ್ಲ ಕಾಣುವುದು. ಹೆಣ್ಣು ನೋಡಲು ಬರುವ ಮೊದಲೇ ಗಂಡಿನ ಕಡೆಯವರು ಹುಡುಗಿಯ ಟೆಸ್ಟಿಮೋನಿಯಲ್ ಓದಿಕೊಂಡು ಬರುವ ಕಾಲ ಬಂದಿತ್ತು.

ಬೆಟ್ಟದ ಮೇಲಿನವರಿಗೆ ಒಂದು ತೊಂದರೆ ಇತ್ತು. ಅವರು ಪೇಟೆಗೆ ಇಳಿಯುವುದು ವಾರಕ್ಕೊಮ್ಮೆ, ಸಂತೆಗೆ. ಒಣಮೀನು, ಮೆಣಸಿನಕಾಯಿ ಎಲ್ಲ ಕೊಂಡು ಬಸ್ಸಿಗೆ ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಒಂದೊಂದನ್ನೇ ಓದಿ ಒತ್ತುತ್ತಾ ಕೂತರೆ ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅದಕ್ಕೆ ಗಯಾಜ್ ಎಲ್ಲರ ಪಾಸ್‌ವರ್ಡನ್ನೂ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡ. ಸಂತೆಯ ಹಿಂದಿನ ಸಂಜೆ ಒಬ್ಬೊಬ್ಬರ ಪುಟವನ್ನೂ ತೆಗೆದು, ಬಂದದ್ದನ್ನೆಲ್ಲ ಅಕ್ಸೆಪ್ಟ್ ಮಾಡಿ ಇಡುತ್ತಿದ್ದ. ಮೊದಲ ಸಾಲು ಓದುತ್ತಿದ್ದ, ಮುಂದೆ ಓದುತ್ತಿರಲಿಲ್ಲ. ಟೆಸ್ಟಿಮೋನಿಯಲ್ಲಿನಲ್ಲಿ ಯಾರಾದರೂ ಬೈದು ಬರೆಯುತ್ತಾರೆಯೆ ಎಂದು ಅವನ ವಾದ.

ವೀರಯ್ಯನನ್ನು ಇದಕ್ಕೆ ಎಳೆದವಳು ಒಬ್ಬಳೇ ಮಗಳು ಸೌಜನ್ಯ. ಬಿ.ಎ. ಮುಗಿಸಿ ಕಂಪ್ಯೂಟರ್ ಕೋರ್ಸಿಗೆಂದು ದಿನಾ ಸಕಲೇಶಪುರಕ್ಕೆ ಹೋಗಿ ಬರುತ್ತಿದ್ದಳು. ಅಪ್ಪನ ಅಕ್ಷರ, ಅಪ್ಪನ ಭಾಷೆ ಅಂದರೆ ಅವಳಿಗೆ ಚಿಕ್ಕಂದಿನಿಂದ ಹೆಮ್ಮೆ. ಅಪ್ಪನ ಹೆಸರಿನಲ್ಲಿ ಒಂದು ಪುಟ ತೆರೆದು, ಮೊದಲು ಗಯಾಜಣ್ಣನಿಗೆ ನಾಲ್ಕು ಸಾಲು ಬರಿ ಎಂದಳು. ವೀರಯ್ಯ ಹಾಳೆಯ ಮೇಲೆ ಬರೆದುಕೊಟ್ಟ, ಗಯಾಜ್ ಕನ್ನಡದಲ್ಲಿ ಟೈಪ್ ಮಾಡಿದ: 'ಅಂಗಡಿಗೆ ಬಂದವರಿಗೆ ಗಯಾಜ್ ಸಾಹೇಬರು ಎದುರಿನ ಹೋಟೆಲಿನಿಂದ ಕಾಫಿ ತರಿಸಿಕೊಡುವ ರೀತಿ ನೋಡಿದರೆ, ಇವರು ಬಾಡಿಗೆಗೆ ಅಂಗಡಿ ಹಿಡಿದಿದ್ದಾರೋ ಮನೆಯನ್ನೇ ತೆರೆದಿಟ್ಟಿದ್ದಾರೋ ತಿಳಿಯುವುದಿಲ್ಲ...' ಗಯಾಜ್ ಓದಿ ಕನ್ನಡಕ ತೆಗೆದು ಒರೆಸಿಕೊಂಡ. ಆ ವಾರ ಸೈಬರಿಗೆ ಬಂದವರೆಲ್ಲ ಅದನ್ನು ಓದಿದರು, ಎರಡನೇ ವಾರ ಎಲ್ಲರಿಗೂ ಅಂಥದ್ದೇ ಬೇಕಾಯಿತು.

ಹೆಸರು ಹಾಕಿ ಬರೆಯುವುದು ವೀರಯ್ಯನಿಗೆ ಹೊಸದು. ಬರಹದ ಪಕ್ಕದಲ್ಲೇ ತನ್ನ ಹೆಸರು, ಮೀಸೆಗೆ ಬಣ್ಣ ಹಾಕಿಸಿಕೊಂಡು ತೆಗೆಸಿದ ಫೋಟೋ. ಮೂವತ್ತು ವರ್ಷ ಎಡಗೈಯಲ್ಲಿ ಬರೆದವನಿಗೆ ಈಗ ಬಲಗೈ ಸಿಕ್ಕಿತ್ತು. ತೋಟದ ಹುಡುಗರು, ಟೆಂಪೋ ಮಾಲೀಕರು, ಒಬ್ಬ ಪಶುವೈದ್ಯರು, ಎಲ್ಲರೂ ಸಾಲು ನಿಂತು ಬರೆಸಿಕೊಂಡರು. ಎಲ್ಲರದೂ ಕಾಫಿಯಿಂದಲೇ ಶುರು, 'ಆದರೆ' ಮಾತ್ರ ಇಲ್ಲ. ಆರ್ಕುಟ್ಟಿನಲ್ಲಿ ಫ್ಯಾನ್ ಆಗುವ ಅನುಕೂಲವೂ ಇತ್ತು, ಒಂದು ವರ್ಷದಲ್ಲಿ ಅವನಿಗೆ ನೂರ ನಲವತ್ತೇಳು ಫ್ಯಾನ್ ಆದರು. ಮೂಗರ್ಜಿ ಕೇಳಿಕೊಂಡು ಬಂದವರಿಗೆ "ಟೈಮಿಲ್ಲ ಮಾರಾಯ" ಎಂದು ಬಾಳೆಹಣ್ಣು ಮಾತ್ರ ಇಳಿಸಿಕೊಂಡು ಕಳಿಸುತ್ತಿದ್ದ.

ಸೌಜನ್ಯಳಿಗೆ ಗಂಡು ಸಿಕ್ಕಿದ್ದೂ ಅದರಿಂದಲೇ. ಪಾಳ್ಯದ ತೋಟಪ್ಪ ವೀರಯ್ಯನ ಫ್ಯಾನು. ಗದ್ದೆ, ಸ್ವಲ್ಪ ಕಾಫಿ, ಒಂದು ಟ್ರ್ಯಾಕ್ಟರ್, ಹಾಸನದ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗ ಅಭಿಷೇಕ್. ಇಂಥ ಕೈ ಇರುವವರ ಮನೆಯ ಹೆಣ್ಣು ತರೋಣ ಎಂದು ತೋಟಪ್ಪನೇ ಕೇಳಿಕೊಂಡು ಬಂದ. ಸೌಜನ್ಯ ಮತ್ತು ಅಭಿಷೇಕ್ ಒಂದು ತಿಂಗಳು ಸ್ಕ್ರ್ಯಾಪಿನಲ್ಲೇ ಮಾತಾಡಿಕೊಂಡು, ಇಬ್ಬರೂ ಹೂಂ ಅಂದರು. ಜನವರಿಯಲ್ಲಿ ನಿಶ್ಚಿತಾರ್ಥ ಎಂದು ಗೊತ್ತಾಯಿತು.

ಅವಳು ಅಪ್ಪನಲ್ಲಿ ಕೇಳಿದ್ದು ಒಂದೇ. "ಊರ್ಗೆಲ್ಲ ಬರ್ಕೊಡ್ತೀಯ. ನನ್ ಪೇಜಲ್ಲಿ ನಿಂದೇ ಇಲ್ಲ ಕಣಪ್ಪ."

ವೀರಯ್ಯ ಹನ್ನೊಂದು ಹಾಳೆ ಹರಿದ. ಬೇರೆಯವರಿಗೆ ಸರಾಗವಾಗಿ ಬರುತ್ತಿದ್ದ ಮಾತು ಇಲ್ಲಿ ಬರುತ್ತಿರಲಿಲ್ಲ. ಕಡೆಗೆ ನೆನಪಾದದ್ದನ್ನು ನೆನಪಾದ ಹಾಗೇ ಬರೆದ. ಐದು ವರ್ಷದವಳಿದ್ದಾಗ ಅಡಿಗೆಮನೆಯಿಂದ ಸ್ಟೋರಿನವರೆಗೆ ಅಪ್ಪನಿಗೆಂದು ಕಾಫಿ ತಂದಿದ್ದಳು. ದಾರಿಯುದ್ದಕ್ಕೂ ಚೆಲ್ಲಿ, ತಲುಪುವಾಗ ಲೋಟದಲ್ಲಿ ಉಳಿದಿದ್ದು ಎರಡು ಗುಟುಕು. ಅದನ್ನು ಕುಡಿದು ತನಗೆ ಹೊಟ್ಟೆ ತುಂಬಿತ್ತು. ಬರೆಯುವಾಗ ವೀರಯ್ಯನ ಕಣ್ಣು ಒದ್ದೆಯಾಯಿತು. ಅವನು ಬರೆದದ್ದರಲ್ಲೆಲ್ಲ ಒಂದಕ್ಷರವೂ ಸುಳ್ಳಿಲ್ಲದ್ದು ಅದೊಂದೇ.

ಸಂತೆಯ ದಿನ ಅದನ್ನು ಗಯಾಜನಿಂದ ಟೈಪ್ ಮಾಡಿಸಿ ಕಳಿಸಿ ಬಂದ. ಸೌಜನ್ಯಳ ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಇರಲಿಲ್ಲ, ಅವಳದನ್ನು ಅವಳೇ ಒತ್ತಬೇಕು. ಮರುವಾರ ತೋಟದಲ್ಲಿ ಹಣ್ಣು ಕೊಯ್ಲು ಜೋರಾಗಿ ವೀರಯ್ಯನಿಗೆ ಇಳಿಯಲು ಆಗಲಿಲ್ಲ. ಆಮೇಲಿನ ಒಂದು ವಾರ ಸೌಜನ್ಯ ಮನೆಯಲ್ಲಿ ಮಾತಾಡಿದ್ದು ಕಡಿಮೆ. ಮದುವೆ ಹುಡುಗಿ, ನಾಚಿಕೆ ಎಂದುಕೊಂಡ.

ಅದರ ಮುಂದಿನ ಸಂತೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೈಬರಿಗೆ ಬಂದರೆ, ನಾಲ್ಕೂ ಕಂಪ್ಯೂಟರಿನವರು ತಿರುಗಿ ನೋಡಿದರು. ತೋಟಪ್ಪನೂ ಅಲ್ಲೇ ಇದ್ದ. ಗಯಾಜ್ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. "ಒಂದು ಬಂದೈತೆ ಸರ್. ನಂದೇ ತಪ್ಪು. ಮೊದ್ಲನೇ ಸಾಲು ಕಾಫಿ ಬಗ್ಗೆ ಇತ್ತು, ಒತ್ಬುಟ್ಟೆ."

ವೀರಯ್ಯ ತನ್ನ ಪುಟದ ಮೇಲೆ ಎಲ್ಲಕ್ಕಿಂತ ಮೇಲಿದ್ದುದನ್ನು ಓದಿದ.

'ಮನೆಗೆ ಬಂದವರಿಗೆ ಈ ಹುಡುಗಿ ಕಾಫಿ ಕೊಡುವ ರೀತಿ ನೋಡಿದರೆ ಎಂಥವರ ಮನಸ್ಸೂ ತುಂಬುತ್ತದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ನೋಡಿ ಕೊಡುತ್ತಾಳೆ. ಓದಿನಲ್ಲೂ ಮುಂದು. ಆದರೆ ತಿಂಗಳಿಗೆ ಎರಡು ಸಲ ಮೂರ್ಛೆ ಹೋಗುತ್ತಾಳೆ, ಹಾಸನದಲ್ಲಿ ಗುಟ್ಟಾಗಿ ಔಷಧಿ ನಡೆಯುತ್ತಿದೆ ಎಂಬುದನ್ನು ತಮ್ಮ ಹಿತೈಷಿಯಾಗಿ ತಿಳಿಸುತ್ತಿದ್ದೇನೆ.

ಇದು ವೀರಯ್ಯನವರು ೧೯೯೯ರಲ್ಲಿ ನನ್ನ ಬಗ್ಗೆ ಬರೆದ ಟೆಸ್ಟಿಮೋನಿಯಲ್. ಆಗ ಹೆಸರು ಹಾಕುವುದನ್ನು ಮರೆತಿದ್ದರು. ಈಗ ಅವರು ಎಲ್ಲರ ಕಾಫಿಯ ಬಗ್ಗೆ ಬರೆಯುವುದನ್ನು ಓದಿ ಗುರುತು ಸಿಕ್ಕಿತು. ನನಗೆ ಮೂರ್ಛೆ ಇಲ್ಲ, ಎಂದೂ ಇರಲಿಲ್ಲ. ಎಂಟು ವರ್ಷದಿಂದ ನಾನು ಹೋದ ಮದುವೆಮನೆಯಲ್ಲೆಲ್ಲ ಯಾರಾದರೊಬ್ಬರು ಕೈಯಲ್ಲಿ ಬೀಗದ ಕೈ ಹಿಡಿದು ನನ್ನ ಪಕ್ಕದಲ್ಲಿ ಕೂರುತ್ತಾರೆ. ಇಷ್ಟು ಕಾಳಜಿಯ ಜನರನ್ನು ಒದಗಿಸಿಕೊಟ್ಟದ್ದಕ್ಕೆ ವಂದನೆಗಳು. ಚೈತ್ರಶ್ರೀ, ಆಲೂರು.'

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಇಳಿಯುತ್ತದೆ ಎಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಕೈಗೆ ಬೇಗ ಸಿಗುವ ಕಬ್ಬಿಣ ಅಂದರೆ ಬೀಗದ ಕೈ. ವೀರಯ್ಯನಿಗೆ ಎಲ್ಲ ನೆನಪಾಯಿತು. ಈ ಚೈತ್ರಶ್ರೀ ಆಗ ಆನೇಮಹಲಿನಲ್ಲಿದ್ದ ಕೃಷ್ಣಪ್ಪನ ಮಗಳು. ಗಂಡಿನ ಕಡೆಯವರು ಆ ಕಾಗದವನ್ನು ಕೃಷ್ಣಪ್ಪನ ಜಗಲಿಯ ಮೇಲೆ ಎಸೆದು ಹೋಗಿದ್ದರು ಎಂದು ಆಗ ಕೇಳಿ ಒಳಗೊಳಗೇ ಖುಷಿಪಟ್ಟಿದ್ದ. ಹೇಳಿ ಬರೆಸಿದವನು ಕೃಷ್ಣಪ್ಪನ ದಾಯಾದಿ, ಕೊಟ್ಟದ್ದು ಒಂದು ಬಾಟ್ಲಿ ಜೇನುತುಪ್ಪ. ಮೂರ್ಛೆಯ ಯೋಚನೆ ಮಾತ್ರ ವೀರಯ್ಯನ ಸ್ವಂತದ್ದು.

"ಎಂಥಾ ಕೈ ರೀ ನಿಮ್ದು" ಎಂದ ತೋಟಪ್ಪ ಹೊಟ್ಟೆ ಕುಣಿಸಿ ನಗುತ್ತಾ. "ಆಗಿನ್ ಕಾಲಕ್ಕೇ ಕಾಫಿ ಇಟ್ಟಿದ್ರಲ್ಲ. ನಮ್ ಪಾಳ್ಯದೋರೆಲ್ಲ ಓದಿ ನಕ್ಕಿದ್ದೇ ನಕ್ಕಿದ್ದು. ಯಾರ್ ಬರ್ದಿಲ್ಲ ಬುಡಿ ಮೂಗರ್ಜಿಯ."

ಉಳಿದವರೂ ನಕ್ಕರು. ಒಬ್ಬನಂತೂ ತನಗೂ ಒಂದು ಅಂಥ ಕಾಗದ ಬೇಕಿತ್ತು ಎಂದು ಕಿವಿಯಲ್ಲಿ ಹೇಳಿದ. ಬೈದಿದ್ದರೆ ವೀರಯ್ಯ ಜಗಳಕ್ಕೆ ನಿಲ್ಲುತ್ತಿದ್ದ, ನಕ್ಕಿದ್ದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ.

"ತೆಗ್ದುಬಿಡ್ಲಾ ಸರ್? ಒಂದು ಕ್ಲಿಕ್ ಅಷ್ಟೇ" ಎಂದ ಗಯಾಜ್.

"ತೆಗಿ."

ಹೋಯಿತು. ಆಮೇಲೆ ಮಗಳ ಪುಟ ತೆಗೆಸಿದ. ಎರಡು ವಾರದ ಹಿಂದೆ ಕಳಿಸಿದ ಅವನ ಬರಹ ಅಲ್ಲಿ ಇರಲಿಲ್ಲ.

ಮನೆಗೆ ಬಂದಾಗ ಸೌಜನ್ಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೇಳುವ ಮೊದಲೇ ಅವಳೇ ಶುರು ಮಾಡಿದಳು. "ಚೈತ್ರಾ ಮಿಸ್ ನಮಗೆ ಪಿಯುಸಿಲಿ ಎರಡು ವರ್ಷ ಎಕನಾಮಿಕ್ಸ್ ಹೇಳ್ಕೊಟ್ರು. ಮೊದಲ್ನೇ ಬೆಂಚಲ್ಲಿ ದಿನಾ ಒಬ್ಬರು ಬೀಗದ ಕೈ ಇಟ್ಕೊಂಡು ಕೂರ್ತಿದ್ವಿ. ನನ್ ಪಾಳಿ ಬಂದಾಗ ನಾನೂ. ಅಮ್ಮ ಸ್ಟೋರ್ ಬೀಗದ ಕೈಯ ನನ್ ಬ್ಯಾಗಿಗೆ ಹಾಕಿ ಕಳ್ಸೋಳು. ನೀನು ಇಲ್ಲೇ ಕೂತು ಹಾಜರಿ ಬರೀತಾ ನೋಡ್ತಿದ್ದೆ."

ವೀರಯ್ಯ ನೋಡಿದ್ದ. ಆಗ ನಗುವೂ ಬಂದಿತ್ತು.

"ಯಾರೋ ಹೇಳಿದ್ರು, ನಾನು ಬರ್ದೆ. ಅದು ಹಳೇ ಕತೆ ಕಣವ್ವ. ನಿಂದು ಯಾಕೆ ಒತ್ತಿಲ್ಲ?"

"ನೀನು ಬರ್ದಿರೋದು ಭಾಳ ಚೆನ್ನಾಗೈತೆ ಅಪ್ಪ" ಎಂದಳು ಅವಳು ಬಕೆಟ್ಟಿನ ಕಡೆ ನೋಡುತ್ತಾ. "ಮಿಸ್ ಬಗ್ಗೆ ಬರ್ದಿದ್ದೂ ಅಷ್ಟೇ ಚೆನ್ನಾಗೈತೆ. ಯಾವ್ದ ನಂಬ್ಲಿ? ಆ ಕಾಫಿ ನಿಜ್ವಾಗ್ಲೂ ತಂದಿದ್ನೋ ಇಲ್ಲ ಅದೂ ನೀನು ಕಟ್ಟಿದ್ದೋ?"

ಮೂವತ್ತು ವರ್ಷದಲ್ಲಿ ಯಾವ ಕಾಗದವೂ ವೀರಯ್ಯನಿಗೆ ಇಷ್ಟು ನೋವು ಮಾಡಿರಲಿಲ್ಲ. ಮಗಳು ತನ್ನ ಮಾತನ್ನು ನಂಬುವುದಿಲ್ಲ ಅನ್ನುವುದು ಎದೆಗೆ ಚುಚ್ಚಿತು.

"ಮಿಸ್ ನನ್ ನಿಶ್ಚಿತಾರ್ಥಕ್ಕೆ ಬರ್ಬೇಕು" ಎಂದಳು ಸೌಜನ್ಯ. "ನೀನು ಹೋಗಿ ಕರಿ. ಸುಳ್ಳು ಅಂತ ಹೇಳಿ ಕರಿ. ಆಮೇಲೆ ಒತ್ತೋದ ನೋಡಣ."

ಆಲೂರಿಗೆ ಹೋಗಿ ಆ ಹೆಂಗಸಿನ ಮುಖ ನೋಡಲು ವೀರಯ್ಯನಿಗೆ ಕಾಲೇಳಲಿಲ್ಲ. ಬರೆಯುವುದು ಸುಲಭ ಎನಿಸಿತು. ಸಂತೆಗೆ ಕಾಯದೆ ಮಾರನೇ ದಿನವೇ ಇಳಿದು, ಚೈತ್ರಶ್ರೀಗೆ ಒಂದು ಟೆಸ್ಟಿಮೋನಿಯಲ್ ಬರೆಸಿದ. ಸಾವಿರದ ಇಪ್ಪತ್ನಾಲ್ಕು ಅಕ್ಷರವೂ ತುಂಬಿತ್ತು. ಅದರಲ್ಲಿ ಕಾಲದ ಮಹಿಮೆ, ಬಡವನ ಅಸಹಾಯಕತೆ, ಅನ್ಯರ ಒತ್ತಾಯ, ಪಶ್ಚಾತ್ತಾಪದ ಬೆಂಕಿ ಎಲ್ಲ ಇದ್ದವು. ಅವಳು ಅದನ್ನು ಒತ್ತಲಿಲ್ಲ. ಒಂದು ಸ್ಕ್ರ್ಯಾಪ್ ಬಂತು: 'ನಿಮ್ಮ ಕಷ್ಟ ಚೆನ್ನಾಗಿ ಮೂಡಿಬಂದಿದೆ. ಹತ್ತಕ್ಕೆ ಮೂರು.'

ಎರಡನೆಯದನ್ನು ಅವಳ ದೊಡ್ಡ ಮನಸ್ಸಿನ ಬಗ್ಗೆ ಬರೆದ. ಕೈ ಅಭ್ಯಾಸ, ಕಾಫಿಯಿಂದ ಶುರುವಾಗಿಬಿಟ್ಟಿತ್ತು. 'ಕಾಫಿ ಬೇಡ. ಹತ್ತಕ್ಕೆ ಎರಡು' ಎಂದು ಬಂತು.

ಗಯಾಜ್ ಮರುದಿನ ಹೇಳಿದ, "ಸರ್, ಸುಮ್ನೆ ಆಗಿದ್ದು ಬರೀರಿ. ಅಲಂಕಾರ ಬ್ಯಾಡ."

ಮೂರನೆಯದನ್ನು ವೀರಯ್ಯ ಹಾಳೆ ಇಲ್ಲದೆ ಬಾಯಲ್ಲೇ ಹೇಳಿದ. 'ಚೈತ್ರಶ್ರೀಯವರ ಮದುವೆ ಮುರಿದ ಕಾಗದ ಬರೆದವನು ನಾನು. ಅದರಲ್ಲಿದ್ದ ಕಾಯಿಲೆ ಸುಳ್ಳು. ವೀರಯ್ಯ, ಹೊಂಗಡಹಳ್ಳ.' ಸಂಜೆಯ ಹೊತ್ತಿಗೆ ಅದು ಅವಳ ಪುಟದಲ್ಲಿ ಕಾಣಿಸಿತು. ಅಂಕ ಬರಲಿಲ್ಲ. ಅದೇ ಉಮೇದಿನಲ್ಲಿ ನಿಶ್ಚಿತಾರ್ಥದ ಕರೆಯನ್ನೂ ಸ್ಕ್ರ್ಯಾಪಿನಲ್ಲೇ ಹಾಕಿಸಿಬಿಟ್ಟ.

ಮರುದಿನ ಬೆಳಿಗ್ಗೆಯೇ ತೋಟಪ್ಪನ ಫೋನು. "ಇದೇನ್ರೀ ರೈಟ್ರೇ ಮಾಡ್ಕೊಂಡ್ರಿ? ಬರ್ದಿದ್ದು ತಮಾಷೆಲಿ ಹೋಗ್ತಿತ್ತು. ಹೆಸ್ರು ಹಾಕಿ ಒಪ್ಕೊಂಡ್ರೆ ನಾಳೆ ನಾನು ನೆಂಟ್ರಿಗೆ ಏನ್ ಹೇಳ್ಲಿ? ಬೀಗ್ರು ಮೂಗರ್ಜಿ ವೀರಯ್ಯ ಅನ್ಲಾ? ಒಂದೆರಡು ದಿನ ಯೋಚ್ನೆ ಮಾಡಿ ಹೇಳ್ತೀನಿ."

ಆ ಎರಡು ದಿನ ವೀರಯ್ಯನಿಗೆ ಅನ್ನ ಇಳಿಯಲಿಲ್ಲ. ಮಗಳ ಮದುವೆಗೆ ಈ ಸಲ ಸ್ವಂತ ಹೆಸರು ಹಾಕಿಯೇ ಕಲ್ಲು ಹಾಕಿದ್ದೆನಲ್ಲ ಎಂದುಕೊಂಡ. ಸೌಜನ್ಯಳ ಮುಖ ಬಾಡಿತ್ತು, ಆದರೆ ಹಾಗಲ್ಲ ಹೀಗೆ ಮಾಡಬೇಕಿತ್ತು ಎಂದು ಅವಳು ಒಂದು ಮಾತೂ ಆಡಲಿಲ್ಲ. ಇದ್ಯಾವುದೂ ಗೊತ್ತಿಲ್ಲದ ಹೆಂಡತಿ ಇಂದ್ರಮ್ಮ, ಇಬ್ಬರೂ ಯಾಕೆ ಉಣ್ಣುತ್ತಿಲ್ಲ ಎಂದು ಸಾರಿಗೆ ಹುಳಿ ಹೆಚ್ಚು ಕಡಿಮೆ ಮಾಡಿ ನೋಡಿದಳು.

ಅಷ್ಟರಲ್ಲಿ ಆರ್ಕುಟ್ಟಿನ ಜನ ತಮ್ಮ ಕೆಲಸ ಮಾಡಿದ್ದರು. 'ಧೈರ್ಯ ಅಂದ್ರೆ ಇದು ಸರ್' ಎಂದು ಪ್ರತಾಪ್ ಬರೆದ. ಪಶುವೈದ್ಯರು ನಾಲ್ಕು ಸಲ ಬರೆದರು. ಫ್ಯಾನುಗಳು ಇನ್ನೂರ ಮೂವತ್ತು ದಾಟಿದರು. ಆಲೂರಿನಲ್ಲಿ ಯಾರೋ ತೋಟಪ್ಪನನ್ನು ತಡೆದು, ಇಂಥ ಬೀಗರು ಸಿಗಲು ಪುಣ್ಯ ಮಾಡಿರಬೇಕು ಅಂದರಂತೆ. ಅಭಿಷೇಕನೂ, ಮದುವೆ ಆಗುವವನು ನಾನು, ಹುಡುಗಿ ಇವಳೇ ಎಂದು ಹಾಸನದಿಂದ ಬಂದು ಹೇಳಿ ಹೋದ. ತೋಟಪ್ಪ ಮತ್ತೆ ಫೋನ್ ಮಾಡಿ, ನಾನು ಮೊದಲಿಂದಲೂ ಅಂದಿದ್ದೆ, ನೀವು ದೊಡ್ಡ ಮನುಷ್ಯರು ಎಂದ.

ವೀರಯ್ಯ ಮತ್ತೆ ಉಬ್ಬಿದ. ಮೂಗರ್ಜಿ ಬರೆದದ್ದಕ್ಕೆ ಪಡದ ಹೆಮ್ಮೆಯನ್ನು ಅದನ್ನು ಒಪ್ಪಿಕೊಂಡದ್ದಕ್ಕೆ ಪಟ್ಟ. ಮೀಸೆಗೆ ಇನ್ನೊಂದು ಸಲ ಬಣ್ಣ ಹಾಕಿಸಿದ. ಮಗಳು ಮಾತ್ರ ಇನ್ನೂ ಒತ್ತಿರಲಿಲ್ಲ. "ಹೋಗಿ ಕರೆದ್ಯಾ?" ಎಂದು ಒಂದೇ ಸಲ ಕೇಳಿದಳು. "ಸ್ಕ್ರ್ಯಾಪ್ ಹಾಕಿದೀನಿ" ಎಂದ.

ನಿಶ್ಚಿತಾರ್ಥ ಸಕಲೇಶಪುರದ ಛತ್ರದಲ್ಲಿ. ಇನ್ನೂರೈವತ್ತು ಜನ ಸೇರಿದ್ದರು. ಗಂಡಸರಲ್ಲಿ ಅರ್ಧದಷ್ಟು ಜನ ಅವನ ಫ್ಯಾನು. ಬಂದವರೆಲ್ಲ ಕೈ ಕುಲುಕಿ, 'ಓದಿದೆ ಸರ್' ಎನ್ನುತ್ತಿದ್ದರು. ಹನ್ನೊಂದು ಗಂಟೆಗೆ ಚೈತ್ರಶ್ರೀ ಬಂದಳು. ಬೂದು ಬಣ್ಣದ ಸೀರೆ, ಹೆಗಲಿಗೆ ಕಾಲೇಜಿನ ಚೀಲ. ಯಾರನ್ನೂ ನೋಡದೆ ಮೂರನೇ ಸಾಲಿನ ತುದಿಯಲ್ಲಿ ಕೂತಳು.

ಹೆಂಗಸರ ಕಡೆ ಒಂದು ಸಣ್ಣ ಗುಜುಗುಜು. ವೀರಯ್ಯ ನೋಡುತ್ತಿದ್ದಂತೆಯೇ ಇಂದ್ರಮ್ಮ ಅರಿಶಿನ ಕುಂಕುಮದ ತಟ್ಟೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಸೊಂಟದಿಂದ ಸ್ಟೋರಿನ ಬೀಗದ ಕೈ ಗೊಂಚಲು ಬಿಚ್ಚಿ, ಬಂದು ಚೈತ್ರಶ್ರೀಯ ಪಕ್ಕದ ಕುರ್ಚಿಯಲ್ಲಿ ಕೂತಳು. ಪ್ರೀತಿಯಿಂದಲೇ ಕೂತಳು. ಮಗಳ ಮಿಸ್ಸು, ನಮ್ಮ ಮನೆ ಕಾರ್ಯದಲ್ಲಿ ಏನೂ ಆಗಬಾರದು. ಹಿಂದಿನ ಸಾಲಿನಲ್ಲೂ ಇಬ್ಬರು ಮೂವರು ಹೆಂಗಸರು ಬ್ಯಾಗಿಗೆ ಕೈ ಹಾಕಿದ್ದರು.

ಇಂದ್ರಮ್ಮನಿಗೆ ಆರ್ಕುಟ್ ಅಂದರೆ ಮಾತ್ರೆಯೋ ಬಿಸ್ಕತ್ತೋ ಗೊತ್ತಿಲ್ಲ. ಆ ಸಾಲಿನಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೂರ ಮೂವತ್ತು ಫ್ಯಾನುಗಳಲ್ಲಿ ಒಬ್ಬನೂ ತನ್ನ ಮನೆಯಲ್ಲಿ ಹೆಂಡತಿಗೆ ಹೇಳಿರಲಿಲ್ಲ. ವೀರಯ್ಯನೂ ಹೇಳಿರಲಿಲ್ಲ.

ಚೈತ್ರಶ್ರೀ ಬೀಗದ ಕೈ ನೋಡಿದಳು, ಆಮೇಲೆ ತಲೆಯೆತ್ತಿ ವೀರಯ್ಯನನ್ನು ನೋಡಿದಳು. ವೇದಿಕೆಯ ಮೇಲಿಂದ ಸೌಜನ್ಯಳೂ ಅವನನ್ನೇ ನೋಡುತ್ತಿದ್ದಳು. ಹಿತ್ತಿಲ ಬಾಗಿಲಿಂದ ಅಡಿಗೆಮನೆಗೆ ನುಸುಳಿಬಿಡಲೇ ಎಂದು ವೀರಯ್ಯನಿಗೆ ಒಂದು ಕ್ಷಣ ಅನ್ನಿಸಿತು. ಅಡಿಗೆಯವರನ್ನು ವಿಚಾರಿಸುವುದು ಯಾವಾಗಲೂ ಇದ್ದೇ ಇರುತ್ತದೆ. ಆದರೂ ಕಾಲು ಮೂರನೇ ಸಾಲಿನ ಕಡೆಗೇ ನಡೆಯಿತು.

"ಇಂದ್ರಾ, ಆ ಬೀಗದ ಕೈ ಇತ್ಲಾಗ್ ಕೊಡು."

"ಯಾಕ್ರೀ?" ಇಂದ್ರಮ್ಮ ದನಿ ತಗ್ಗಿಸಿದಳು. "ಮಿಸ್‌ಗೆ... ಗೊತ್ತಲ್ಲ ನಿಮ್ಗೆ."

"ಅವ್ರಿಗೆ ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ. ನಾನು ಸುಳ್ಳು ಬರ್ದಿದ್ದೆ."

"ಎಲ್ಲಿ ಬರ್ದಿದ್ರಿ?"

"ಗಂಡಿನ ಮನೆಗೆ, ಕಾಗದ. ಎಂಟು ವರ್ಷ ಆಯ್ತು. ಒಂದು ಬಾಟ್ಲಿ ಜೇನುತುಪ್ಪ ಬಂದಿತ್ತಲ್ಲ, ಅದಕ್ಕೆ."

"ಆ ಜೇನ ರೊಟ್ಟಿಗೆ ಹಚ್ಚಿ ನಾವು ಮೂರು ಜನ್ವೂ ತಿಂದ್ವಲ್ರೀ" ಎಂದಳು ಇಂದ್ರಮ್ಮ. ಎದ್ದುಹೋಗುವಾಗ ಅವಳ ಕೈಯಿಂದ ಗೊಂಚಲು ಜಾರಿತು, ವೀರಯ್ಯ ಬಗ್ಗಿ ಎತ್ತಿಕೊಂಡ.

"ವೀರಯ್ಯನವರೇ" ಎಂದಳು ಚೈತ್ರಶ್ರೀ, ಪಾಠ ಮಾಡುವ ದನಿಯಲ್ಲಿ. "ಹಿಂದಿನ ಬೆಂಚಿಗೆ ಕೇಳಿಸಲಿಲ್ಲ."

ಜೀವಮಾನದಲ್ಲಿ ಯಾರ ಎದುರೂ ಯಾರ ವಿಷಯವನ್ನೂ ಬಾಯಿ ಬಿಟ್ಟು ಹೇಳಿದವನಲ್ಲ ವೀರಯ್ಯ. ಹಿಂದಕ್ಕೆ ತಿರುಗಿದ. ಓಲಗದವರು ಅರ್ಥ ಮಾಡಿಕೊಂಡು ನಿಲ್ಲಿಸಿದರು. ಕೊನೆಯ ಸಾಲಿಗೂ ಕೇಳುವಂತೆ ಹೇಳಿದ. "ಈ ಮಿಸ್‌ಗೆ ಮೂರ್ಛೆ ಇಲ್ಲ. ಹಂಗಂತ ಕಾಗದ ಬರ್ದು ಇವರ ಮದ್ವೆ ಮುರ್ದೋನು ನಾನು. ಅದು ಸುಳ್ಳು. ಬೀಗದ ಕೈ ಎಲ್ಲ ಒಳಗಿಟ್ಕಳಿ."

ಛತ್ರದಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಧೈರ್ಯ ಎಂದೂ ಅನ್ನಲಿಲ್ಲ. ಪ್ರತಾಪ್ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ. ತೋಟಪ್ಪ ಸೂರು ನೋಡುತ್ತಿದ್ದ. ಹಿಂದಿನ ಸಾಲಿನಲ್ಲಿ ಮೂರ್ನಾಲ್ಕು ಗೊಂಚಲುಗಳು ಸೊಂಟಕ್ಕೂ ಬ್ಯಾಗಿಗೂ ವಾಪಸು ಹೋಗುವ ಕಿಣಿಕಿಣಿ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಸೌಜನ್ಯ ವೇದಿಕೆಯ ಅಂಚಿಗೆ ಬಂದು ಮುಂದಿನ ಸಾಲಿನಲ್ಲಿದ್ದ ಗಯಾಜನಿಗೆ ಹೇಳಿದಳು, "ಗಯಾಜಣ್ಣ, ನನ್ ಪಾಸ್‌ವರ್ಡ್ ಆಮೇಲೆ ಕೊಡ್ತೀನಿ. ನಾಳೆ ಅಂಗಡಿ ತೆಗೀತಿದ್ದಂಗೆ ನಮ್ಮಪ್ಪಂದು ಅಕ್ಸೆಪ್ಟ್ ಮಾಡ್ಬುಡು." ವೀರಯ್ಯನಿಗೆ ಅದು ಕೇಳಿಸಿತು. ಕೂಡಲೇ ಕಣ್ಣು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಗೊಂಚಲು, ಇನ್ನೊಂದರಲ್ಲಿ ಬಡಿಸುವವರ ತಟ್ಟೆಯಿಂದ ಎತ್ತಿಕೊಂಡ ಕಾಫಿ ಲೋಟ.

ಅದನ್ನು ಚೈತ್ರಶ್ರೀಗೆ ಕೊಡಲು ಹೋದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂದು ಹೊಳೆದು, ಬೀಗದ ಕೈಗಳನ್ನು ಜೇಬಿಗೆ ತುರುಕಿ, ಹಿಡಿದ. ಆದರೂ ಮೂರು ಹೆಜ್ಜೆಯಲ್ಲಿ ಮುಕ್ಕಾಲು ಕಾಫಿ ನೆಲಕ್ಕೆ ಚೆಲ್ಲಿತು. ಮುಖ ನೋಡಿ ಕೊಡಬೇಕು. ನೋಡಿದ, ತುಂಬ ಕಷ್ಟವಾಯಿತು.

ಚೈತ್ರಶ್ರೀ ಲೋಟದೊಳಗೆ ಇಣುಕಿದಳು. ಇನ್ನೊಂದು ತರುತ್ತೇನೆ ಎಂದು ವೀರಯ್ಯ ಹೊರಟಾಗ ಬೇಡವೆಂದು ತಲೆಯಾಡಿಸಿ, ಉಳಿದ ಎರಡು ಗುಟುಕನ್ನು ಕುಡಿದು, ಲೋಟವನ್ನು ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟಳು.